ಎರಡು ವರ್ಷದ ಮಗಳ ಅಂಗೈಗೆ ಕಾವಲಿ ತಾಗಿ ಬೊಕ್ಕೆ ಎದ್ದಿದೆ. ಒಡೆಯಬೇಕಾ, ಬಿಡಬೇಕಾ?

ಕೂಸಿನ ಆಯಿ:
ಸಿರ್ಸಿ ಹತ್ತಿರದ ಹಳ್ಳಿ ನಮ್ಮದು. ಬೆಳಿಗ್ಗೆ ದೋಸೆ ಎರೆದು ಮುಗಿಸಿ ಕಾವಲಿ ಕೆಳಗಿಟ್ಟಿತ್ತು. ಮಗಳು ಓಡಿ ಬಂದವಳು ಅದರ ಮೇಲೆ ಅಂಗೈ ಊರಿಬಿಟ್ಟಳು. ತಕ್ಷಣ ನಲ್ಲಿ ಕೆಳಗೆ ಹಿಡಿದೆವು. ಮಧ್ಯಾಹ್ನದ ಹೊತ್ತಿಗೆ ಅಂಗೈ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಬೊಕ್ಕೆ, ಉಂಗುರ ಬೆರಳಿನ ಬುಡದಲ್ಲಿ ಇನ್ನೊಂದು ಸಣ್ಣದು. ಒಳಗೆ ತಿಳಿನೀರು. ಆಡುತ್ತಾಳೆ, ಉಣ್ಣುತ್ತಾಳೆ, ಆದರೆ ಆ ಕೈ ಮುಟ್ಟಲು ಬಿಡುವುದಿಲ್ಲ.

ಈಗ ಮನೆಯಲ್ಲಿ ಪಂಚಾಯ್ತಿ ಶುರುವಾಗಿದೆ. ಸೂಜಿ ಕಾಯಿಸಿ ಚುಚ್ಚಿ ನೀರು ತೆಗೆದರೆ ಬೇಗ ಒಣಗುತ್ತದೆ ಅಂತ ಮಾವ. ಮಿಸ್ರಿ ಜೇನು (ಕುಟುಕದ ಸಣ್ಣ ಹುಳದ ಜೇನು) ಹಚ್ಚು ಅಂತ ಅತ್ತೆ. ಇವರು ಬರ್ನಾಲ್ ತರಲು ಪೇಟೆಗೆ ಹೊರಟು ನಿಂತಿದ್ದಾರೆ. ಗೊತ್ತಿದ್ದವರು ಹೇಳಿ.

ತೋಟದ ಮನೆ:
ಚುಚ್ಚಿ ತೆಗೆಯಿರಿ ತಂಗಿ. ನಾವು ಅಡಿಕೆ ಬೇಯಿಸುವಾಗ ಎಷ್ಟು ಸಲ ಸುಟ್ಟುಕೊಂಡಿಲ್ಲ! ಲಿಂಬೆ ಮುಳ್ಳಲ್ಲಿ ಚುಚ್ಚಿ ಬಿಟ್ಟರೆ ಎರಡೇ ದಿನ.

ಕಡಲತಡಿ:
ಲಿಂಬೆ ಮುಳ್ಳಾ? ಅಣ್ಣಾ, ಅದು ಎರಡು ವರ್ಷದ ಮಗು.

ವಾರ್ಡ್ ಸಿಸ್ಟರ್:
ದಯವಿಟ್ಟು ಚುಚ್ಚಬೇಡಿ. ಬೊಕ್ಕೆಯ ಮೇಲಿನ ಆ ತೆಳು ಚರ್ಮವೇ ಈಗ ಅವಳಿಗೆ ಬ್ಯಾಂಡೇಜು. ಕೆಳಗಿನ ಹಸಿ ಗಾಯಕ್ಕೆ ಗಾಳಿ ತಾಗದ ಹಾಗೆ, ಕೊಳೆ ಸೇರದ ಹಾಗೆ ಮುಚ್ಚಿಕೊಂಡು ಕೂತಿದೆ. ಚುಚ್ಚಿದರೆ ಕೀವಿಗೆ ದಾರಿ ಮಾಡಿಕೊಟ್ಟಂತೆ. ಸೂಜಿ ಕಾಯಿಸಿದರೂ ಅಷ್ಟೇ. ಸೂಜಿ ಮಾತ್ರ ಶುದ್ಧವಾಗುತ್ತದೆ, ಮಗುವಿನ ಕೈ ಮತ್ತು ನಿಮ್ಮ ಬೆರಳು ಶುದ್ಧವಾಗುವುದಿಲ್ಲ.

ಇನ್ನೊಂದು ವಿಷಯ. ಸುಟ್ಟಿದ್ದು ಅಂಗೈ, ಅದೂ ಬೆರಳಿನ ಬುಡದ ತನಕ. ಜಾಗ ಚಿಕ್ಕದಿದ್ದರೂ ಇದನ್ನು ಡಾಕ್ಟರಿಗೆ ತೋರಿಸಲೇಬೇಕು. ಅಂಗೈ ಚರ್ಮ ದಪ್ಪ, ಎಷ್ಟು ಆಳ ಸುಟ್ಟಿದೆ ಅಂತ ಮೇಲಿಂದ ಗೊತ್ತಾಗುವುದಿಲ್ಲ. ಆಳವಾಗಿದ್ದರೆ ವಾಸಿಯಾಗುವಾಗ ಚರ್ಮ ಬಿಗಿದು ಬೆರಳು ಒಳಗೆ ಸೆಳೆದುಕೊಳ್ಳುತ್ತದೆ. ಎಷ್ಟು ಹೊತ್ತು ನೀರು ಹಿಡಿದಿರಿ?

ಕೂಸಿನ ಆಯಿ:
ಗಡಿಯಾರ ನೋಡಲಿಲ್ಲ ಅಕ್ಕ. ಅಳು ನಿಲ್ಲುವ ತನಕ ಹಿಡಿದೆವು.

ವಾರ್ಡ್ ಸಿಸ್ಟರ್:
ಒಳ್ಳೆಯದೇ ಮಾಡಿದಿರಿ. ಓದುತ್ತಿರುವ ಉಳಿದವರಿಗೆ ಹೇಳುತ್ತೇನೆ: 20 ನಿಮಿಷ. ಹರಿಯುವ ತಣ್ಣನೆಯ ನೀರು, ಐಸ್ ಅಲ್ಲ. ಬೆಂಕಿ ದೂರವಾದರೂ ಚರ್ಮದೊಳಗೆ ಸೇರಿದ ಕಾವು ಇನ್ನೂ ಕೆಳಕ್ಕೆ ಇಳಿಯುತ್ತಾ ಸುಡುತ್ತಲೇ ಇರುತ್ತದೆ. ಅದನ್ನು ಹೊರಗೆ ಎಳೆಯಲು ಅಷ್ಟು ಹೊತ್ತು ಬೇಕು. ಎರಡು ನಿಮಿಷ ಹಿಡಿದು 'ಸಾಕು ಬಿಡು' ಅನ್ನುವವರೇ ಜಾಸ್ತಿ. ಸುಟ್ಟು 3 ಗಂಟೆ ಒಳಗೆ ಯಾವಾಗ ಹಿಡಿದರೂ ಪ್ರಯೋಜನ ಇದೆ. ಹಾಗಾಗಿ 'ಆಗಲೇ ಅರ್ಧ ಗಂಟೆ ಆಯ್ತಲ್ಲ' ಅಂತ ಸುಮ್ಮನಾಗಬೇಡಿ.

ನೀರು ಬಿಡುತ್ತಿರುವಾಗಲೇ ಬಳೆ, ಉಂಗುರ, ಕೈದಾರ ತೆಗೆಯಿರಿ. ಆಮೇಲೆ ಊದಿಕೊಂಡರೆ ತೆಗೆಯಲು ಬರುವುದಿಲ್ಲ. ಸೊಂಟದ ಹತ್ತಿರ ಸುಟ್ಟಿದ್ದರೆ ಉಡಿದಾರವನ್ನೂ ಕತ್ತರಿಸಿ, ಶಾಸ್ತ್ರ ಆಮೇಲೆ ನೋಡಿಕೊಳ್ಳೋಣ. ಬಟ್ಟೆ ಗಾಯಕ್ಕೆ ಅಂಟಿಕೊಂಡಿದ್ದರೆ ಮಾತ್ರ ಎಳೆಯಬಾರದು, ಸುತ್ತ ಕತ್ತರಿಸಿ ಹಾಗೇ ಕರೆತನ್ನಿ.

ಬೈತಖೋಲ:
20 ನಿಮಿಷ ಎರಡು ವರ್ಷದ ಮಗುವನ್ನು ನಲ್ಲಿ ಕೆಳಗೆ ಹಿಡಿದಿಟ್ಟ ಒಬ್ಬರನ್ನು ತೋರಿಸಿ, ನಾನು ಒಂದು ಬುಟ್ಟಿ ಬಂಗಡೆ ಕೊಡುತ್ತೇನೆ 😄

ಅಘನಾಶಿನಿ:
ಬಂಗಡೆ ಕಳಿಸಿ, ನಾನಿದ್ದೇನೆ. ಮಗನ ಮೊಣಕೈ ಮೇಲೆ ಚಾ ಬಿದ್ದಾಗ ಹಿಡಿದಿದ್ದೆ. ಬಚ್ಚಲಲ್ಲಿ ಮಣೆ ಹಾಕಿ ಕೂತು, ಅವನನ್ನು ತೊಡೆ ಮೇಲೆ ಕೂರಿಸಿಕೊಂಡು, ತಂಬಿಗೆಯಿಂದ ಸಣ್ಣ ಧಾರೆ ಬಿಡುತ್ತಾ ಇದ್ದೆ. ಮೈಯೆಲ್ಲ ಟವೆಲ್ ಸುತ್ತಿ ಮೊಣಕೈ ಮಾತ್ರ ಹೊರಗೆ. ಮೊದಲು ಕಿರುಚಾಟ. ಆಮೇಲೆ ಇನ್ನೊಂದು ಕೈಗೆ ಒಂದು ಚಮಚ ಕೊಟ್ಟೆ, ಬೀಳುವ ನೀರನ್ನು ಹಿಡಿದು ಚೆಲ್ಲುವ ಆಟಕ್ಕೆ ಇಳಿದ. ಧಾರೆ ನಿಲ್ಲಿಸಿದರೆ ಉರಿ ತಿರುಗಿ ಬರುತ್ತಿತ್ತು, ಅವನೇ ಕೈ ಮುಂದೆ ಮಾಡುತ್ತಿದ್ದ.

ವಾರ್ಡ್ ಸಿಸ್ಟರ್:
ಟವೆಲ್ ಸುತ್ತಿದ್ದು ನೋಡಿ, ಅದು ಮುಖ್ಯ. ಗಾಯ ತಣ್ಣಗಾಗಬೇಕು, ಮಗು ಬೆಚ್ಚಗಿರಬೇಕು. ಮೈತುಂಬ ನೀರು ಸುರಿದರೆ ಸಣ್ಣ ಮಕ್ಕಳು ಬೇಗ ಥಂಡಿ ಹಿಡಿದು ನಡುಗುತ್ತಾರೆ. ಸಿರ್ಸಿ ಕಡೆ ಡಿಸೆಂಬರಿನಲ್ಲಿ ಅಬ್ಬಿ ನೀರು ಹಿಡಿಯುವವರು ನೆನಪಿಟ್ಟುಕೊಳ್ಳಿ.

ಕಡಲತಡಿ:
ನಮ್ಮ ಕಾರವಾರದ್ದು ಉಲ್ಟಾ ಸಮಸ್ಯೆ. ಮೇ ತಿಂಗಳ ಮಧ್ಯಾಹ್ನ ಟಾಕಿ ನೀರಿನಲ್ಲಿ ಚಾ ಮಾಡಬಹುದು. ನಲ್ಲಿ ತಿರುಗಿಸಿ ಮೊದಲು ನಿಮ್ಮ ಕೈಗೆ ಬಿಟ್ಟು ನೋಡಿ. ಬಾವಿ ನೀರು ಸೇದಿ ಹಾಕುವುದೇ ಒಳ್ಳೆಯದು.

ಮುರುಗಲು:
ಎಲ್ಲರೂ ನೀರು ನೀರು ಅಂತೀರಿ. ನಮ್ಮ ಅಜ್ಜಿ ಮುರುಗಲ (ಕೋಕಂ) ಬೀಜದ ತುಪ್ಪ ಕಾಯಿಸಿ ಹಚ್ಚುತ್ತಿದ್ದರು, ಕಲೆ ಕೂಡ ಉಳಿಯುತ್ತಿರಲಿಲ್ಲ. ತಲೆತಲಾಂತರದಿಂದ ಬಂದದ್ದನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಬೇಡಿ. ಜೇನು, ಲೋಳೆಸರ ಆಸ್ಪತ್ರೆಯಲ್ಲೂ ಬಳಸುತ್ತಾರೆ.

ಮೆಡಿಕಲ್ ಶಾಪಿನವ:
ಆಸ್ಪತ್ರೆಯಲ್ಲಿ ಬಳಸುವ ಜೇನು ಬೇರೆ ಸ್ವಾಮಿ. ಅದನ್ನು ಗಾಮಾ ಕಿರಣದಿಂದ ಶುದ್ಧ ಮಾಡಿರುತ್ತಾರೆ. ಮಿಸ್ರಿ ಜೇನು ಎಷ್ಟೇ ಅಸಲಿಯಾದರೂ ಗೂಡಿನಿಂದ ಹಿಂಡಿ ಬಾಟಲಿಗೆ ತುಂಬಿದ್ದು, ಹಸಿ ಗಾಯಕ್ಕಲ್ಲ. ಇದೇ ನೆಪದಲ್ಲಿ ಇನ್ನೊಂದು: ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸುವುದೂ ಬೇಡ, ಬಾಟುಲಿಸಂ ಎಂಬ ವಿಷಬಾಧೆಯ ಭಯ ಇದೆ.

ತೋಟದ ಮನೆ:
ಹಾಗಾದರೆ ನಮ್ಮಜ್ಜಿಯರು ಸಾಕಿದ ಮಕ್ಕಳೆಲ್ಲ ಸತ್ತೇ ಹೋಗಿದ್ದವಾ?

ಕಡಲತಡಿ:
ಬಹಳ ಮಕ್ಕಳು ಸಾಯುತ್ತಿದ್ದವು ಅಣ್ಣಾ. ಬದುಕಿದವರು ಮಾತ್ರ ಇಲ್ಲಿ ಬರೆಯುತ್ತಿದ್ದೇವೆ.

ವಾರ್ಡ್ ಸಿಸ್ಟರ್:
ಮುರುಗಲು ಅವರೇ, ಜಗಳ ಬೇಡ. ಮುರುಗಲ ತುಪ್ಪಕ್ಕೂ ಒಂದು ಜಾಗ ಇದೆ, ಆದರೆ ಅದು ಮೊದಲ ದಿನ ಅಲ್ಲ. ಈಗಷ್ಟೇ ಸುಟ್ಟ ಚರ್ಮಕ್ಕೆ ತುಪ್ಪ, ಕೊಬ್ಬರಿ ಎಣ್ಣೆ, ಬೆಣ್ಣೆ ಹಚ್ಚಿದರೆ ಕಾವು ಹೊರಗೆ ಹೋಗದೆ ಒಳಗೇ ಉಳಿಯುತ್ತದೆ. ಗಾಯ ಪೂರ್ತಿ ಮುಚ್ಚಿ ಹೊಸ ಚರ್ಮ ಬಂದ ಮೇಲೆ ಅದು ಒಣಗಿ ತುರಿಸುತ್ತದೆ. ಆಗ ದಿನಕ್ಕೆ ಎರಡು ಮೂರು ಸಲ ಧಾರಾಳವಾಗಿ ಹಚ್ಚಿ ತಿಕ್ಕಿ. ಅಜ್ಜಿಗೂ ಸಮಾಧಾನ, ಕೈಗೂ ಒಳ್ಳೆಯದು.

ಟೂತ್‌ಪೇಸ್ಟ್, ಕಾಫಿ ಪುಡಿ, ಇಂಕು, ದೋಸೆ ಹಿಟ್ಟು, ಮೊಟ್ಟೆಯ ಬಿಳಿ, ಅರಿಶಿನ ಎಲ್ಲ ಹಚ್ಚಿಕೊಂಡು ಬರುತ್ತಾರೆ. ಪೇಸ್ಟು ತಂಪು ಅನ್ನಿಸುವುದು ಅದರಲ್ಲಿರುವ ಪುದೀನಾ ಸತ್ವದಿಂದ, ಕಾವು ಇಳಿದಿದೆ ಅಂತ ಅಲ್ಲ. ಆಮೇಲೆ ಆ ಒಣಗಿದ ಅರಿಶಿನವನ್ನು ಗಾಯದಿಂದ ತೊಳೆದು ತೆಗೆಯುವುದು ನಾವು. ಆಗ ಮಗು ಹೇಗೆ ಕೂಗುತ್ತದೆ ಅಂತ ಒಮ್ಮೆ ಕೇಳಿದರೆ ಯಾರೂ ಡಬ್ಬಿ ಮುಚ್ಚಳ ತೆಗೆಯುವುದಿಲ್ಲ. ತೊಳೆಯದೆ ಗಾಯ ಕೆಂಪಿದೆಯಾ ಬೆಳ್ಳಗಿದೆಯಾ ಅಂತ ಕಾಣುವುದೇ ಇಲ್ಲ.

ಯಲ್ಲಾಪುರದವ, ಈಗ ಬೆಂಗಳೂರು:
ಹಾಗಾದರೆ ಗಾಯಕ್ಕೆ ಏನು ಸುತ್ತುವುದು? ಹತ್ತಿ ಇಟ್ಟರೆ ಅಂಟಿಕೊಳ್ಳುತ್ತದಲ್ಲ.

ಮೆಡಿಕಲ್ ಶಾಪಿನವ:
ಹತ್ತಿ ಬೇಡವೇ ಬೇಡ, ಎಳೆ ಬಿಟ್ಟುಹೋಗುತ್ತದೆ. ಅಡುಗೆಮನೆಯ ಕ್ಲಿಂಗ್ ಫಿಲ್ಮ್ (ಆಹಾರ ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆ) ಇದ್ದರೆ ಮೊದಲ ಸುತ್ತು ಬಿಸಾಡಿ, ಆಮೇಲಿನದ್ದನ್ನು ಗಾಯದ ಮೇಲೆ ಉದ್ದಕ್ಕೆ ಹಾಸಿ. ಬಳೆ ತೊಡಿಸಿದ ಹಾಗೆ ಸುತ್ತಬೇಡಿ, ಊದಿದರೆ ಬಿಗಿಯಾಗುತ್ತದೆ. ಹಳ್ಳಿಮನೆಯಲ್ಲಿ ಅದೆಲ್ಲಿ ಸಿಗುತ್ತದೆ ಅಂದರೆ, ಕೈ ಅಥವಾ ಪಾದ ಸುಟ್ಟಿದ್ದರೆ ಹೊಸ ಪ್ಲಾಸ್ಟಿಕ್ ಚೀಲ ಸಡಿಲವಾಗಿ ತೊಡಿಸಿದರೂ ಆಸ್ಪತ್ರೆ ತನಕ ಸಾಕು. ಮುಖಕ್ಕೆ ಮಾತ್ರ ಪ್ಲಾಸ್ಟಿಕ್ ಮುಟ್ಟಿಸಬಾರದು. ಆಮೇಲೆ ಡ್ರೆಸ್ಸಿಂಗಿಗೆ ಪ್ಯಾರಾಫಿನ್ ಗಾಜ್ ಸಿಗುತ್ತದೆ, ಜಿಡ್ಡಿನ ಜಾಳಿಗೆ ಬಟ್ಟೆ, ಅಂಟುವುದಿಲ್ಲ.

ತೋಟದ ಮನೆ:
ಬಾಳೆ ಎಲೆ ಇರುವಾಗ ಪ್ಲಾಸ್ಟಿಕ್ ಯಾಕೆ? ಅಂಟದೇ ಇರುವುದು ಅಂದರೆ ಅದೇ.

ವಾರ್ಡ್ ಸಿಸ್ಟರ್:
ಇದರಲ್ಲಿ ನಿಮ್ಮ ಮಾತು ಒಪ್ಪುತ್ತೇನೆ! ಬಾಳೆ ಎಲೆಯನ್ನು ಸುಟ್ಟ ಗಾಯಕ್ಕೆ ಡ್ರೆಸ್ಸಿಂಗ್ ಆಗಿ ಬಳಸಿ ನೋಡಿದ ಅಧ್ಯಯನಗಳು ನಮ್ಮ ದೇಶದಲ್ಲೇ ಆಗಿವೆ. ಬೇಯಿಸಿದ ಬಟಾಟೆ ಸಿಪ್ಪೆಯನ್ನೂ ಬಳಸಿದ್ದಾರೆ. ಆದರೆ ಅವನ್ನು ಆಸ್ಪತ್ರೆಯಲ್ಲಿ ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ಶುದ್ಧ ಮಾಡಿ ಬಳಸುತ್ತಾರೆ. ಹಿತ್ತಲಿಂದ ಕೊಯ್ದ ಎಲೆ ಊಟಕ್ಕೆ ಇರಲಿ.

ತೋಟದ ಮನೆ:
ಅಂತೂ ಒಂದು ಮಾತಾದರೂ ಸರಿ ಬಂತು.

ಅಘನಾಶಿನಿ:
ನೋವಿಗೆ ಏನು ಕೊಡುವುದು? ರಾತ್ರಿ ಪೂರ್ತಿ ಅಳುತ್ತಾರೆ.

ಮೆಡಿಕಲ್ ಶಾಪಿನವ:
ಪ್ಯಾರಾಸಿಟಮಾಲ್. ವಯಸ್ಸಲ್ಲ, ತೂಕ ನೋಡಿ. ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ. 10 ಕಿಲೋ ಮಗುವಾದರೆ 100ರಿಂದ 150. ಎರಡು ಸಲದ ನಡುವೆ ಕಡಿಮೆ ಅಂದರೂ 4ರಿಂದ 6 ಗಂಟೆ ಬಿಡಬೇಕು, 24 ಗಂಟೆಯಲ್ಲಿ 4 ಸಲ ಮೀರಬಾರದು. ಎಡವಟ್ಟು ಆಗುವುದು ಎಲ್ಲಿ ಗೊತ್ತಾ? ಹನಿ ಹಾಕುವ ಸಣ್ಣ ಬಾಟಲಿಯಲ್ಲಿ 1 ಮಿಲಿಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ 5 ಮಿಲಿಗೆ 120, ಇನ್ನೊಂದು ಬಗೆಯದರಲ್ಲಿ 5 ಮಿಲಿಗೆ 250. ಎಲ್ಲದಕ್ಕೂ 'ಪ್ಯಾರಾಸಿಟಮಾಲ್' ಅಂತಲೇ ಹೆಸರು. ಅಕ್ಕನ ಮನೆಯಿಂದ ತಂದ ಬಾಟಲಿಯಲ್ಲಿ ನಿಮ್ಮ ಅಂದಾಜಿನ ಐದು ಮಿಲಿ ಹಾಕಬೇಡಿ, ಲೇಬಲ್ ಓದಿ. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು.

ಬರ್ನಾಲ್ ಕೇಳಿದ್ದರಲ್ಲ, ಮೊದಲ ದಿನ ಅದರ ಅಗತ್ಯ ಇಲ್ಲ. ಸಿಲ್ವರ್ ಸಲ್ಫಾಡೈಜೀನ್ ಇರುವ ಬಿಳಿ ಮುಲಾಮನ್ನೂ ಡಾಕ್ಟರ್ ನೋಡುವ ಮೊದಲು ಬಳಿಯಬೇಡಿ, ಗಾಯದ ಬಣ್ಣವೇ ಮುಚ್ಚಿಹೋಗುತ್ತದೆ. ಸಲ್ಫಾ ಅಲರ್ಜಿ ಇದ್ದವರಿಗೆ, ಎರಡು ತಿಂಗಳೊಳಗಿನ ಕೂಸಿಗೆ ಅದು ಆಗುವುದೇ ಇಲ್ಲ.

ಕೂಸಿನ ಆಯಿ:
ತುಂಬಾ ಉಪಕಾರ ಆಯ್ತು. ಸಂಜೆಯೇ ಪೇಟೆಗೆ ಹೊರಟಿದ್ದೇವೆ. ಮಳೆ ಬೇರೆ.

ಯಲ್ಲಾಪುರದವ, ಈಗ ಬೆಂಗಳೂರು:
ಸಣ್ಣದಾದ್ದರಿಂದ ಸರಿ. ದೊಡ್ಡದಾಗಿದ್ದರೆ? ಸಿರ್ಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್. ಮಕ್ಕಳ ಸುಟ್ಟ ಗಾಯ ನೋಡುವ ತಜ್ಞ ಡಾಕ್ಟರ್ ಬೇಕಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆ ದಾಟಬೇಕು.

ಕಡಲತಡಿ:
ಕಾರವಾರದವರು ಗೋವಾಕ್ಕೆ, ಭಟ್ಕಳದವರು ಮಣಿಪಾಲಕ್ಕೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜಿಲ್ಲೆಯೇ ಕೂಗಿತು. 2024ರ ಆಗಸ್ಟಿನಲ್ಲಿ ಕಾರವಾರದ ಹಳೆಯ ಕಾಳಿ ನದಿ ಸೇತುವೆ ಕುಸಿದಾಗ ಇನ್ನೂ ಚೆನ್ನಾಗಿ ಅರ್ಥವಾಯ್ತು, ನದಿಯಾಚೆಯ ಸದಾಶಿವಗಡದಿಂದ ಈಚೆಗೆ ಬರುವುದಕ್ಕೂ ಇರುವುದು ಒಂದೇ ದಾರಿ ಅಂತ.

ಬೈತಖೋಲ:
ಎಲೆಕ್ಷನ್ ಹತ್ತಿರ ಬರಲಿ, ಆಸ್ಪತ್ರೆಯ ಅಡಿಗಲ್ಲು ಇನ್ನೊಮ್ಮೆ ಹಾಕುತ್ತಾರೆ.

ನಿರ್ವಾಹಕ:
ಆಸ್ಪತ್ರೆ ವಿಷಯಕ್ಕೆ ಬೇರೆ ಎಳೆ ಇದೆ, ಅಲ್ಲಿ ಜಗಳ ಆಡಿ. ಇಲ್ಲಿ ಸುಟ್ಟ ಗಾಯ ಮಾತ್ರ.

ಅಘನಾಶಿನಿ:
ಸರಿ, ವಿಷಯಕ್ಕೆ ಬರೋಣ. ಯಾವುದನ್ನು ಮನೆಯಲ್ಲೇ ನೋಡಿಕೊಳ್ಳಬಹುದು, ಯಾವುದಕ್ಕೆ 108ಕ್ಕೆ ಫೋನ್ ಮಾಡಬೇಕು? ಅದೇ ತಿಳಿಯುವುದಿಲ್ಲ.

ವಾರ್ಡ್ ಸಿಸ್ಟರ್:
ಮಗುವಿನ ಕೈಯನ್ನೇ ಅಳತೆ ಮಾಡಿಕೊಳ್ಳಿ. ಬೆರಳು ಸೇರಿಸಿ ಅದರ ಅಂಗೈ ಅಂದರೆ ಅದರ ಮೈಯ ಸುಮಾರು 1 ಶೇಕಡಾ. ಅದಕ್ಕಿಂತ ದೊಡ್ಡ ಜಾಗ ಸುಟ್ಟಿದ್ದರೆ ಆಸ್ಪತ್ರೆ. ಮುಖ, ಕೈ, ಪಾದ, ಗುಪ್ತಾಂಗ, ಕೀಲು ಇರುವ ಕಡೆ ಆದರೆ ಎಷ್ಟೇ ಸಣ್ಣದಿದ್ದರೂ ಆಸ್ಪತ್ರೆ. ಕೈಯನ್ನೋ ಕಾಲನ್ನೋ ಸುತ್ತ ಬಳಸಿ ಸುಟ್ಟಿದ್ದರೂ ಅಷ್ಟೇ. ಕರೆಂಟು ಹೊಡೆದಿದ್ದರೆ ಹೊರಗೆ ಚುಕ್ಕೆಯಷ್ಟು ಕಂಡರೂ ಒಳಗೆ ಜಾಸ್ತಿ ಸುಟ್ಟಿರಬಹುದು, ಕಾಯಬೇಡಿ. ಒಂದು ವರ್ಷದೊಳಗಿನ ಕೂಸು ಅಂದರೆ ಯಾವುದೇ ಬೊಕ್ಕೆಗೂ ತೋರಿಸಿ.

ಜನ ಮೋಸ ಹೋಗುವುದು ನೋವಿಲ್ಲದ ಗಾಯದಲ್ಲಿ. 'ಅಳುತ್ತಿಲ್ಲ, ಹೆಚ್ಚೇನೂ ಆಗಿಲ್ಲ' ಅಂತಾರೆ. ಬೆಳ್ಳಗೆ, ಮೇಣದ ಹಾಗೆ ಅಥವಾ ಕರ್ರಗೆ ಇದ್ದು ಮುಟ್ಟಿದರೆ ಗೊತ್ತಾಗುತ್ತಿಲ್ಲ ಅಂದರೆ ನರದ ತುದಿಯೂ ಸುಟ್ಟಿದೆ ಅಂತ ಅರ್ಥ. ಕೆಂಪಗೆ, ಒದ್ದೆಯಾಗಿ, ಉರಿಯುವ ಗಾಯ ಎಷ್ಟೋ ವಾಸಿ.

ಸಣ್ಣ ಗಾಯವೇ ಆದರೂ ನಾಲ್ಕು ದಿನದೊಳಗೆ ಜ್ವರ, ಮೈಮೇಲೆ ಕೆಂಪು ದದ್ದು, ವಾಂತಿ, ಭೇದಿ, ಮಂಕು ಕಂಡರೆ 'ಹಲ್ಲು ಬರುವ ಜ್ವರ' ಅಂತ ಕೂರಬೇಡಿ, ಓಡಿ. ಸಣ್ಣ ಮಕ್ಕಳ ಸುಟ್ಟ ಗಾಯದಲ್ಲಿ ಸೇರುವ ಒಂದು ಬ್ಯಾಕ್ಟೀರಿಯಾದ ವಿಷ ಹಾಗೆ ಮಾಡುತ್ತದೆ. ಅಪರೂಪ, ಆದರೆ ಬಂದರೆ ಗಂಟೆಗಳ ಲೆಕ್ಕ.

ಗೇರುಗುಡ್ಡ:
ಅಂಕೋಲಾ ಕಡೆಯವಳು. ನಮ್ಮಲ್ಲಿ ಬೇಸಿಗೆಯಲ್ಲಿ ಇನ್ನೊಂದು ತರದ ಬೊಕ್ಕೆ. ಮಕ್ಕಳು ಹಿತ್ತಲಲ್ಲಿ ಗೇರುಬೀಜ ಸುಡುತ್ತಾರೆ, ಸಿಪ್ಪೆಯ ಎಣ್ಣೆ ಚಿಟಿಚಿಟಿ ಹಾರಿ ಕೆನ್ನೆಗೆ, ಕೈಗೆ. ಹಸಿ ಬೀಜ ಕಚ್ಚಿ ಒಡೆಯಲು ಹೋಗಿ ತುಟಿ ಸುತ್ತ ಸುಟ್ಟುಕೊಳ್ಳುವವರೂ ಇದ್ದಾರೆ. ಅದಕ್ಕೂ ನೀರೇನಾ?

ವಾರ್ಡ್ ಸಿಸ್ಟರ್:
ನೀರೇ, ಜೊತೆಗೆ ಸೋಪು. ಅದು ಬರೀ ಬೆಂಕಿಯ ಸುಡು ಅಲ್ಲ, ಸೊನೆಯ ಸುಡು ಕೂಡ. ತೊಳೆಯದ ಬೆರಳು ಕಣ್ಣಿಗೆ ಹೋಗದ ಹಾಗೆ ನೋಡಿ. ಮರುದಿನ ಊತ, ತುರಿಕೆ ಜಾಸ್ತಿಯಾಗುವುದೂ ಉಂಟು. ತುಟಿ, ಕಣ್ಣಿನ ಹತ್ತಿರ ಆದರೆ ತೋರಿಸಿ.

ಮೆಡಿಕಲ್ ಶಾಪಿನವ:
ಸುಣ್ಣದ ವಿಷಯ ಯಾರೂ ಹೇಳಲಿಲ್ಲ. ಕವಳದ (ಎಲೆ ಅಡಿಕೆಯ) ತಟ್ಟೆ ಇಲ್ಲದ ಮನೆ ನಮ್ಮಲ್ಲಿ ಎಷ್ಟಿವೆ? ಮಗು ಸುಣ್ಣದ ಪ್ಯಾಕೆಟ್ ಹಿಚುಕಿದರೆ ಪಚಕ್ಕನೆ ಕಣ್ಣಿಗೇ ಹಾರುತ್ತದೆ. ಸುಣ್ಣ ಕಣ್ಣಿನ ಕರಿಗುಡ್ಡೆ ಮುಂದಿನ ಪದರವನ್ನೇ ಸುಡುತ್ತದೆ, ದೃಷ್ಟಿ ಹೋಗಬಹುದು. ಎದೆಹಾಲು ಹಿಂಡುವುದು, ಊದುವುದು ಎಲ್ಲ ಬೇಡ. ರೆಪ್ಪೆ ಬಿಡಿಸಿ ಹಿಡಿದು, ಬಿಳಿ ಕಣ ಕಂಡರೆ ತೊಳೆದು ತೆಗೆದು, 20–30 ನಿಮಿಷ ನೀರು ಹರಿಸಿ. ಆಮೇಲೆ ನೇರ ಕಣ್ಣಿನ ಡಾಕ್ಟರ್.

ತೋಟದ ಮನೆ:
ಇದು ಒಳ್ಳೆ ಮಾತು ಹೇಳಿದಿರಿ. ನಮ್ಮ ತಟ್ಟೆ ಜಗಲಿಯಲ್ಲೇ ಇರುತ್ತದೆ. ಮೊಮ್ಮಗ ಬಂದಾಗ ಮೇಲಿಡಬೇಕು.

ಮುರುಗಲು:
ಉಗಿ ಹಿಡಿಸುವುದನ್ನೂ ಸೇರಿಸಿ. ಶೀತಕ್ಕೆ ಅಂತ ಕುದಿಯುವ ನೀರಿನ ಪಾತ್ರೆ ಮುಂದೆ ಮಗುವನ್ನು ಚಾದರ ಹೊದಿಸಿ ಕೂರಿಸುತ್ತಾರೆ. ಅದು ಒದ್ದಾಡಿ ಪಾತ್ರೆ ಮಗುಚಿದರೆ ತೊಡೆ ಪೂರ್ತಿ ಹೋಯಿತು. ಪಕ್ಕದ ಮನೆಯಲ್ಲಿ ಆದದ್ದು ಇದು. ಮನೆಮದ್ದಿನ ಪರ ಇರುವ ನಾನೇ ಹೇಳುತ್ತಿದ್ದೇನೆ, ಸಣ್ಣ ಮಕ್ಕಳಿಗೆ ಅದು ಬೇಡ.

ಕಡಲತಡಿ:
ಬೈಕಿನ ಸೈಲೆನ್ಸರ್! ಬೀಚಿಗೆ ಹೋಗಿ ಬರುವಾಗ ಚಡ್ಡಿ ಹಾಕಿದ ಮಕ್ಕಳು ಬಲಗಡೆಯಿಂದ ಇಳಿಯುತ್ತಾರೆ, ಮೀನಖಂಡಕ್ಕೆ ತಾಗುತ್ತದೆ. ಎಡಗಡೆಯಿಂದಲೇ ಇಳಿಸಿ. ಸೈಲೆನ್ಸರ್ ಗಾಯ ನೋಡಲು ಚಿಕ್ಕದು, ಆಳ ಜಾಸ್ತಿ.

ಕೂಸಿನ ಆಯಿ:
ತೋರಿಸಿಕೊಂಡು ಬಂದೆವು. ಬೊಕ್ಕೆ ಒಡೆಯಲಿಲ್ಲ. ಪ್ಯಾರಾಫಿನ್ ಗಾಜ್ ಇಟ್ಟು, ಬೆರಳು ಒಂದಕ್ಕೊಂದು ಅಂಟದ ಹಾಗೆ ನಡುವೆ ಬಟ್ಟೆ ಕೊಟ್ಟು, ಬೇರೆ ಬೇರೆ ಸುತ್ತಿದ್ದಾರೆ. ನಾಡಿದ್ದು ಮತ್ತೆ ಬರಲು ಹೇಳಿದ್ದಾರೆ. ಎರಡು ವಾರದಲ್ಲಿ ಗಾಯ ಮುಚ್ಚಿದರೆ ಕಲೆ ಉಳಿಯುವುದು ಕಡಿಮೆಯಂತೆ. ಲಸಿಕೆ ಕಾರ್ಡ್ ಕೇಳಿದರು, ಒಂದೂವರೆ ವರ್ಷದ ಡಿಪಿಟಿ ಬೂಸ್ಟರ್ ಆಗಿದೆ, ಹಾಗಾಗಿ ಟಿಟಿ ಚುಚ್ಚಲಿಲ್ಲ. ಅತ್ತೆ ಬಿಡಲಿಲ್ಲ, 'ಡಾಕ್ಟ್ರೇ, ಜೇನು ಹಚ್ಚಬಹುದಾ?' ಅಂತ ಕೇಳಿಯೇಬಿಟ್ಟರು. 'ದೋಸೆಗೆ ಹಚ್ಚಿ ಅಮ್ಮಾ' ಅಂದರು. ದಾರಿಯುದ್ದಕ್ಕೂ ಅತ್ತೆ ಮಾತಾಡಲಿಲ್ಲ.

ಬೈತಖೋಲ:
🤣🤣

ವಾರ್ಡ್ ಸಿಸ್ಟರ್:
ಒಳ್ಳೆಯದಾಯ್ತು. ಬ್ಯಾಂಡೇಜ್ ಒದ್ದೆಯಾದರೆ, ವಾಸನೆ ಬಂದರೆ, ಬೆರಳ ತುದಿ ನೀಲಿಯಾದರೆ ನಾಡಿದ್ದಿನ ತನಕ ಕಾಯಬೇಡಿ. ಗಾಯ ಮುಚ್ಚಿದ ಮೇಲೆ ಮುಷ್ಟಿ ಕಟ್ಟಿಸಿ, ಬಿಡಿಸಿ. ಚಪಾತಿ ಹಿಟ್ಟು ಕೊಟ್ಟರೆ ತಾನೇ ಮಾಡುತ್ತಾಳೆ.

ಅಘನಾಶಿನಿ:
ದೀಪಾವಳಿ ಬಂತಲ್ಲ, ಬಚ್ಚಲ ಹಂಡೆ ಬಗ್ಗೆಯೂ ಹೇಳಿಬಿಡುತ್ತೇನೆ. ಎಣ್ಣೆ ಸ್ನಾನದ ದಿನ ಬೆಳಗಿನ ಜಾವದಿಂದ ಒಲೆ ಉರಿಯುತ್ತಿರುತ್ತದೆ, ಮನೆತುಂಬ ನೆಂಟರ ಮಕ್ಕಳು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಉಲ್ಟಾ ಮಾಡಿ ತಣ್ಣೀರು ತರಲು ಹೋದ ಅರ್ಧ ನಿಮಿಷದಲ್ಲೇ ಮಗು ಕೈ ಅದ್ದುತ್ತದೆ. 60 ಡಿಗ್ರಿ ನೀರು ದೊಡ್ಡವರನ್ನೇ ಐದಾರು ಸೆಕೆಂಡಿನಲ್ಲಿ ಸುಡುತ್ತದೆ, ಮಕ್ಕಳ ಚರ್ಮಕ್ಕೆ ಅಷ್ಟೂ ಬೇಡ.

ತೋಟದ ಮನೆ:
ಆಲೆಮನೆಗೆ ಮಕ್ಕಳನ್ನು ಕರೆತರುವವರಿಗೂ ಒಂದು ಮಾತು. ಕಬ್ಬಿನ ಹಾಲು ಕುಡಿಸಿ, ನೊರೆಬೆಲ್ಲ ತಿನ್ನಿಸಿ, ಆದರೆ ಕೊಪ್ಪರಿಗೆ ಇಳಿಸುವ ಹೊತ್ತಿಗೆ ಎತ್ತಿಕೊಂಡು ಹೊರಗೆ ನಿಲ್ಲಿ. ಪಾಕ ನೀರಿಗಿಂತ ಬಿಸಿ, ಬಿದ್ದರೆ ಅಂಟಿಕೊಂಡು ಕೂರುತ್ತದೆ. ಕೆರೆದು ತೆಗೆಯಲು ಹೋಗಿ ಚರ್ಮ ಸಮೇತ ಕಿತ್ತದ್ದು ಕಂಡಿದ್ದೇನೆ. ಅದರ ಮೇಲೆಯೇ ನೀರು ಹೊಯ್ಯಬೇಕು. ಸಿಸ್ಟರ್, ಸರಿ ತಾನೇ?

ವಾರ್ಡ್ ಸಿಸ್ಟರ್:
ನೂರಕ್ಕೆ ನೂರು ಸರಿ ಅಣ್ಣಾ.

ಯಲ್ಲಾಪುರದವ, ಈಗ ಬೆಂಗಳೂರು:
ಹಬ್ಬಕ್ಕೆ ಊರಿಗೆ ಬರುತ್ತಿದ್ದೇವೆ. ನಾಲ್ಕು ವರ್ಷದ ಮಗನಿಗೆ ನಕ್ಷತ್ರ ಕಡ್ಡಿ ಮಾತ್ರ ಕೊಡೋಣ ಅಂತ ಇದ್ದೇವೆ. ಅದು ಸೇಫ್ ಅಲ್ವಾ?

ಮೆಡಿಕಲ್ ಶಾಪಿನವ:
ಅಲ್ಲ. ಅದರ ತುದಿಯ ಕಾವು 1000 ಡಿಗ್ರಿ ಹತ್ತಿರ ಹೋಗುತ್ತದೆ. ಐದು ವರ್ಷದೊಳಗಿನವರ ಕೈಗೆ ಕೊಡಲೇಬೇಡಿ, ನೀವೇ ಹಿಡಿದು ತೋರಿಸಿ. ನೈಲಾನ್, ಪಾಲಿಯೆಸ್ಟರ್ ಜುಬ್ಬಾ ಬಿಟ್ಟು ಹತ್ತಿ ಬಟ್ಟೆ ಹಾಕಿ. ಕಾಲಿಗೆ ಬೂಟು ಇರಲಿ, ಯಾಕಂದರೆ ಎಷ್ಟೋ ಮಕ್ಕಳು ಸುಟ್ಟುಕೊಳ್ಳುವುದು ಉರಿದು ಬಿಸಾಡಿದ ಕಡ್ಡಿಯನ್ನು ಬರಿಗಾಲಲ್ಲಿ ತುಳಿದು.

ಬೈತಖೋಲ:
ನಮ್ಮ ಮನೆಯಲ್ಲಿ ಉರಿದ ಕಡ್ಡಿಗೆ ಅಂತಲೇ ಅಂಗಳದಲ್ಲಿ ಒಂದು ಬಕೆಟ್ ನೀರು ಇಡುತ್ತೇವೆ. ಹೋದ ಸಲ ನಾಯಿ ಅದನ್ನೇ ಕುಡಿಯಲು ಹೋಗಿತ್ತು. ಮೇಲೆ ಜಾಳಿಗೆ ಮುಚ್ಚಿ.